800 ಕೊಟ್ಟರೆ ಪ್ರೋಗ್ರಾಂ ನಿಲ್ಲುವುದೇ ಇಲ್ಲ, ಯಾರಾದರೂ ನೋಡಿ

ಶಂಕರಪುರ_ಅಮ್ಮ:
ಮೂರು ದಿನದಿಂದ ಮಂಡೆ ಬಿಸಿ. ಮಗಳು ಒಂಬತ್ತನೇ ಕ್ಲಾಸು. ವಿಜ್ಞಾನ ಮೇಳಕ್ಕೆ ಪೈಥಾನ್‌ನಲ್ಲಿ ಪ್ರೋಗ್ರಾಂ ಮಾಡುತ್ತಿದ್ದೇವೆ. ಸಂಖ್ಯೆ ಕೊಟ್ಟರೆ ಅದನ್ನು ಅವಿಭಾಜ್ಯಗಳಾಗಿ ಒಡೆದು ತೋರಿಸಬೇಕು. ನಮ್ಮದು ಮಲ್ಲಿಗೆ ಕಟ್ಟುವ ಮನೆ. ಒಂದು ಚೆಂಡಿಗೆ 800 ಹೂವು, ಅದರಿಂದಲೇ ಶುರು ಮಾಡುವ ಎಂದಳು. ಎಂಟರ್ ಒತ್ತಿದರೆ ಅಲ್ಲಿಗೇ ನಿಂತಿತು. ಎರರ್ ಇಲ್ಲ, ಉತ್ತರವೂ ಇಲ್ಲ, ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತದೆ. ಎರಡು ಸಲ ಇನ್‌ಸ್ಟಾಲ್ ಮಾಡಿ ನೋಡಿದೆ. ಕೋಡ್ ಸರಿ ಉಂಟು, ಪಾಠದ ನೋಟ್ಸ್ ನೋಡಿಯೇ ಬರೆದದ್ದು. ಸೋಮವಾರ ತೋರಿಸಬೇಕು.

ಬಂದರು_ಕೋಡ್:
ಇದು ಓವರ್‌ಫ್ಲೋ, ಅಂದರೆ ಸಂಖ್ಯೆ ಅದಕ್ಕಿಟ್ಟ ಜಾಗದಲ್ಲಿ ಹಿಡಿಸದೆ ಹೋಗುವುದು. 32 ಬಿಟ್‌ನಲ್ಲಿ 46341ರ ವರ್ಗ ಹಿಡಿಸುವುದಿಲ್ಲ, ಮೈನಸ್ ಆಗುತ್ತದೆ, ಲೂಪ್ (ಮತ್ತೆ ಮತ್ತೆ ಓಡುವ ಕೋಡ್) ಮುಗಿಯುವುದಿಲ್ಲ. ನನಗೆ ಇದೇ ಆಗಿತ್ತು.

ಸುರತ್ಕಲ್_ಲಿನಕ್ಸ್:
ಪೈಥಾನ್‌ನ ಪೂರ್ಣಾಂಕಕ್ಕೆ ಓವರ್‌ಫ್ಲೋ ಇಲ್ಲ ಮಾರಾಯ್ರೆ. ಅದೂ 800ಕ್ಕೆ!

ಬಂದರು_ಕೋಡ್:
ಪೈಥಾನ್‌ಗೆ ಸೇರಿಸಿಕೊಳ್ಳುವ ಲೆಕ್ಕದ ಲೈಬ್ರರಿ ನಂಪೈ ಬಳಸಿದರೆ ಇದೆ. ಅಕ್ಕ, ನಂಪೈ ಹಾಕಿದ್ದೀರಾ?

ಶಂಕರಪುರ_ಅಮ್ಮ:
ಇಲ್ಲ. ಅದರ ಹೆಸರೇ ಕೇಳಿಲ್ಲ.

ಬಂದರು_ಕೋಡ್:
ಆದರೂ ಒಮ್ಮೆ ಪರೀಕ್ಷಿಸಿ. 64 ಬಿಟ್ ಪೈಥಾನ್ ಹಾಕಿ ನೋಡಿ.

ಸುರತ್ಕಲ್_ಲಿನಕ್ಸ್:
ಸುಮ್ನೆ ಮತ್ತೆ ಇನ್‌ಸ್ಟಾಲ್ ಮಾಡಿಸಬೇಡಿ. ನನ್ನ ಹಳೆಯ ರಾಸ್ಪ್‌ಬೆರಿ ಪೈ ಎಂಬ ಅಂಗೈಯಷ್ಟು ಸಣ್ಣ ಕಂಪ್ಯೂಟರಿನಲ್ಲೇ ಒಂದು ಕೋಟಿಯೊಳಗಿನ ಅವಿಭಾಜ್ಯಗಳನ್ನೆಲ್ಲ ತೆಗೆದಿದ್ದೇನೆ. 6,64,579 ಬಂತು. ಲಿನಕ್ಸ್, ಹೊರಗೆ ಎಸ್‌ಎಸ್‌ಡಿ, ಮೇಲೆ ಸಣ್ಣ ಫ್ಯಾನ್. ಈ ಸೆಕೆಯಲ್ಲೂ ಬಿಸಿ ಏರಲಿಲ್ಲ.

ಕುಂದಾಪ್ರ_ಲೆಕ್ಕ:
ಅಕ್ಕ, ಒಂದೇ ಪ್ರಶ್ನೆ. ನಿಮ್ಮ ಪ್ರೋಗ್ರಾಂ ಪ್ರಕಾರ 100ರೊಳಗೆ ಅವಿಭಾಜ್ಯ ಎಷ್ಟು?

ಶಂಕರಪುರ_ಅಮ್ಮ:
26. ಒಡೆಯಲು ಬಳಸುವ ಆ ಅವಿಭಾಜ್ಯಗಳ ಪಟ್ಟಿ ಸರಿಯಾಗಿಯೇ ಬರುತ್ತದೆ, ಅದಕ್ಕೇ ಹೇಳಲಿಲ್ಲ.

ಕುಂದಾಪ್ರ_ಲೆಕ್ಕ:
25 ಬರಬೇಕು. ಪಟ್ಟಿಯ ತಲೆಯಲ್ಲಿ 1 ಕೂತಿದೆ, ಅಲ್ವಾ? 1ಕ್ಕೂ ಆ ಸಂಖ್ಯೆಗೂ ನಡುವೆ ಇರುವ ಯಾವುದರಿಂದಲೂ ಭಾಗ ಹೋಗದಿದ್ದರೆ ಅವಿಭಾಜ್ಯ ಎಂದು ಬರೆದಿರಬೇಕು. 1ರ ವಿಷಯದಲ್ಲಿ ನಡುವೆ ಏನೂ ಇಲ್ಲ, ಹಾಗಾಗಿ ಅದು ಪಾಸ್. ಆಮೇಲೆ 'ಭಾಗ ಹೋಗುವಷ್ಟು ಸಲ ಭಾಗಿಸು' ಎಂದಿದ್ದೀರಿ. 800ನ್ನು 1ರಿಂದ ಭಾಗಿಸಿದರೆ 800. ಮತ್ತೆ ಭಾಗಿಸಿದರೂ 800. 2ರ ಸರದಿ ಬರುವುದೇ ಇಲ್ಲ.

ಶಂಕರಪುರ_ಅಮ್ಮ:
ಹೌದು! ಆದರೆ ಅವಳ ನೋಟ್ಸಿನಲ್ಲಿ '1 ಮತ್ತು ಅದೇ ಸಂಖ್ಯೆಯಿಂದ ಮಾತ್ರ ಭಾಗವಾಗುವುದು' ಎಂದು ಇದೆ. 1 ಕೂಡ ಹಾಗೇ ಅಲ್ವಾ?

ಬಂದರು_ಕೋಡ್:
ಅಕ್ಕ ಕೇಳಿದ್ದು ನ್ಯಾಯ. 1742ರಲ್ಲಿ ಆಯ್ಲರ್‌ಗೆ ಪತ್ರ ಬರೆದ ಗಣಿತಜ್ಞ ಗೋಲ್ಡ್‌ಬಾಖ್ 1ನ್ನು ಸೇರಿಸಿಯೇ ಲೆಕ್ಕ ಹಾಕಿದ್ದರು. 1914ರಲ್ಲಿ ಬಂದ ಲೆಹ್ಮರ್ ಅವರ ಅವಿಭಾಜ್ಯಗಳ ಪಟ್ಟಿಯೂ 1ರಿಂದಲೇ ಶುರು. ಆಮೇಲಿನವರು ತಮಗೆ ಬೇಕಾದ ಹಾಗೆ ತೆಗೆದು ಹಾಕಿದರು.

ಕುಂದಾಪ್ರ_ಲೆಕ್ಕ:
ಪತ್ರವೂ ನಿಜ, ಪಟ್ಟಿಯೂ ನಿಜ. ಆದರೆ ತೆಗೆದದ್ದು ಮನಸ್ಸಿಗೆ ಬಂದ ಹಾಗಲ್ಲ. ಅಕ್ಕ, ನೋಟ್ಸಿನ ಸಾಲನ್ನು ಹೀಗೆ ತಿದ್ದಿ: ಸರಿಯಾಗಿ ಎರಡೇ ಭಾಜಕ ಇರುವ ಸಂಖ್ಯೆ ಅವಿಭಾಜ್ಯ. 7ಕ್ಕೆ 1 ಮತ್ತು 7. 1ಕ್ಕೆ ಇರುವುದು ಒಂದೇ ಭಾಜಕ.

ಬಂದರು_ಕೋಡ್:
ಅದು 1ನ್ನು ಹೊರಗಿಡಲೆಂದೇ ಹೊಲಿದ ಅಂಗಿ. ಯಾಕೆ ಹೊರಗಿಡಬೇಕು, ಅದನ್ನು ಹೇಳಿ.

ಕುಂದಾಪ್ರ_ಲೆಕ್ಕ:
ಹೇಳುತ್ತೇನೆ. 800 ಎಂದರೆ ಐದು 2, ಎರಡು 5. ಯಾರು ಒಡೆದರೂ, ಯಾವ ದಾರಿಯಿಂದ ಒಡೆದರೂ, ಕೊನೆಗೆ ಇವೇ ಏಳು ತುಂಡು. ಮೊದಲು 8 ಮತ್ತು 100 ಮಾಡಿ, ಇಲ್ಲವೇ 20 ಮತ್ತು 40 ಮಾಡಿ. ಹತ್ತನೇ ಕ್ಲಾಸಿನಲ್ಲಿ ಬರುವ ಅಂಕಗಣಿತದ ಮೂಲಪ್ರಮೇಯ ಹೇಳುವುದು ಇದನ್ನೇ. ನನಗೆ ಇಡೀ ಗಣಿತದಲ್ಲಿ ಇದಕ್ಕಿಂತ ಇಷ್ಟವಾದ ಮಾತಿಲ್ಲ. 1ನ್ನು ಒಳಗೆ ಬಿಟ್ಟರೆ ಎಂಟು ತುಂಡು ಎನ್ನಬಹುದು, ಒಂಬತ್ತು ಎನ್ನಬಹುದು, ನೂರು ಎಂದರೂ ತಪ್ಪಲ್ಲ. ಒಂದೇ ಉತ್ತರ ಎಂಬುದೇ ಹೋಯಿತು. ಅಕ್ಕನ ಲ್ಯಾಪ್‌ಟಾಪ್ ಮೂರು ದಿನ ಸಿಕ್ಕಿಬಿದ್ದದ್ದು ಅಲ್ಲಿಯೇ.

ಅವಿಭಾಜ್ಯಗಳನ್ನು ಸೋಸಿ ತೆಗೆಯುವ ಎರಟಾಸ್ತನೀಸ್‌ನ ಜರಡಿಯಲ್ಲೂ ಹಾಗೇ. 2ನ್ನು ಉಳಿಸಿ ಅದರ ಅಪವರ್ತ್ಯಗಳನ್ನು (4, 6, 8 ಹೀಗೆ) ಹೊಡೆಯುತ್ತೇವೆ. 1ರಿಂದ ಶುರು ಮಾಡಿದರೆ ಮೊದಲ ಸುತ್ತಿಗೇ ಎಲ್ಲ ಖಾಲಿ. 1 ಭಾಜ್ಯವೂ ಅಲ್ಲ, ಅವಿಭಾಜ್ಯವೂ ಅಲ್ಲ. ಅದರದ್ದೇ ಬೇರೆ ಜಾಗ.

ಬಂದರು_ಕೋಡ್:
ಜರಡಿಯದ್ದು ಒಪ್ಪಿದೆ. ಆದರೂ ಪ್ರಮೇಯದಲ್ಲಿ '1ನ್ನು ಬಿಟ್ಟು' ಎಂದು ಸೇರಿಸಿದರೆ ಸಾಕಿತ್ತು.

ಕುಂದಾಪ್ರ_ಲೆಕ್ಕ:
ಆಗ ಒಂದಾದ ಮೇಲೊಂದು ಪ್ರಮೇಯದಲ್ಲಿ ಅದನ್ನೇ ಬರೆಯುತ್ತಾ ಕೂರಬೇಕು. ವ್ಯಾಖ್ಯೆಯಲ್ಲಿ ಒಮ್ಮೆ ಹೇಳಿದರೆ ಮುಗಿಯಿತು.

ಶಂಕರಪುರ_ಅಮ್ಮ:
ಪಟ್ಟಿಯನ್ನು 2ರಿಂದ ಶುರು ಮಾಡಿದೆವು. ಎಂಟರ್ ಒತ್ತಿದ ಕೂಡಲೇ ಬಂತು! ನಾಲ್ಕು ಚೆಂಡು ಸೇರಿದ ಅಟ್ಟೆಯ 3200 ಕೊಟ್ಟಳು, ಏಳು 2, ಎರಡು 5. 3201 ಕೊಟ್ಟಳು, 3, 11, 97. ತುಂಬಾ ಉಪಕಾರ ಆಯಿತು. ಈಗ 1 ಕೊಟ್ಟರೆ ಖಾಲಿ ಪಟ್ಟಿ ಬರುತ್ತದೆ. ಅದೂ ತಪ್ಪಾ ಅಂತ ಕೇಳುತ್ತಿದ್ದಾಳೆ.

ಕುಂದಾಪ್ರ_ಲೆಕ್ಕ:
ಅದೇ ಸರಿ ಉತ್ತರ. ಗುಣಿಸುವ ಲೂಪ್ ಬರೆಯುವಾಗ ಮೊದಲು 1 ಇಟ್ಟುಕೊಳ್ಳುತ್ತೇವಲ್ಲ? ಪಟ್ಟಿ ಖಾಲಿ ಇದ್ದು ಏನನ್ನೂ ಗುಣಿಸದಿದ್ದರೆ ಆ 1 ಹಾಗೆಯೇ ಉಳಿಯುತ್ತದೆ. ಈ ಪ್ರಶ್ನೆಯನ್ನು ಮೇಳದ ಚಾರ್ಟಿನಲ್ಲೂ ಬರೆಯಲಿ ಎಂದು ಹೇಳಿ.

ಮಣಿಪಾಲ_ರಾತ್ರಿಪಾಳಿ:
ಸುರತ್ಕಲ್ ಅವರೇ, ಪೈಗೆ ಯಾವ ಅಡಾಪ್ಟರ್ ಹಾಕಿದ್ದೀರಿ? ಕರೆಂಟ್ ಹೋಗಿ ಬಂದಾಗ ನನ್ನದರಲ್ಲಿ ಮೆಮೊರಿ ಕಾರ್ಡ್ ಹಾಳಾಗುತ್ತಿದೆ.