ಕರಿಮಣಿ, ಸುಂಕವಿಲ್ಲದೆ ತರಬಹುದಾದ 40 ಗ್ರಾಂ ಆಭರಣದ ಲೆಕ್ಕಕ್ಕೆ ಸೇರುತ್ತಾ, ಇಲ್ವಾ?

ಕಡಲಕರೆ: ಗಲ್ಫಿಂದ ಊರಿಗೆ ಬರುವ ಹೆಂಗಸರ ಕುತ್ತಿಗೆಯ ಕರಿಮಣಿ ಬಿಚ್ಚಿಸಿ ತಕ್ಕಡಿಗೆ ಹಾಕುವುದು ಕಾನೂನಲ್ಲ, ಕಸ್ಟಮ್ಸ್‌ನವರ ದರ್ಪ. ಇಲ್ಲಿಂದ ಹಾಕಿಕೊಂಡು ಹೋದದ್ದನ್ನೇ ಹಾಕಿಕೊಂಡು ಬಂದರೆ ಸುಂಕ ಯಾಕೆ? ಕಸ್ಟಮ್ಸ್‌ನವರು ಹಿಡಿದಿಟ್ಟ ತಾಳಿ ವಾಪಸ್ ಕೊಡಿ ಅಂತ ಮದ್ರಾಸ್ ಹೈಕೋರ್ಟ್ 2025ರಲ್ಲಿ ಹೇಳಿದೆ. ಅಲ್ಲಿಗೆ ಮುಗೀತು.

ಲೆಕ್ಕಾಚಾರಿ: "ಮುಗೀತು" ಅಂದ್ರೆ ಹೇಗೆ ಸ್ವಾಮಿ? ಆ ತೀರ್ಪು ಶ್ರೀಲಂಕಾದ ಮಹಿಳೆಯದ್ದು. ನಮ್ಮವರಿಗೆ ಲೆಕ್ಕ ಬೇರೆ. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬಂದವರಿಗಷ್ಟೇ ಆಭರಣದ ವಿನಾಯಿತಿ: ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20. ಅದೂ ಕ್ರಮವಾಗಿ ಒಂದು ಲಕ್ಷ, ಐವತ್ತು ಸಾವಿರ ರೂಪಾಯಿ ಬೆಲೆಯ ಮಿತಿಯೊಳಗೆ. ಇಲ್ಲಿಂದ ತೊಟ್ಟು ಹೋದದ್ದಾದರೆ ಹೋಗುವಾಗಲೇ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ (ಒಡವೆ ಇಲ್ಲಿಂದಲೇ ಹೋದದ್ದು ಅನ್ನೋ ಕಸ್ಟಮ್ಸ್ ದಾಖಲೆ) ಮಾಡಿಸಬೇಕಿತ್ತು.

ಮುಂಗಾರು: ಒಂದು ಲಕ್ಷದ ಮಿತಿಯಂತೆ! ಅದು 2016ರ ನಿಯಮ. 2026ರ ಫೆಬ್ರವರಿ 2ರಿಂದ ಹೊಸ ಬ್ಯಾಗೇಜ್ (ಪ್ರಯಾಣಿಕರ ಸಾಮಾನಿನ) ನಿಯಮ ಬಂದಿದೆ. ಬೆಲೆ ಮಿತಿ ಹೋಯ್ತು, ತೂಕ ಮಾತ್ರ ಉಳೀತು. ಹೋದ ವರ್ಷದ ಪಂಚಾಂಗ ಹಿಡ್ಕೊಂಡು ಮುಹೂರ್ತ ಇಡಬೇಡಿ.

ಲೆಕ್ಕಾಚಾರಿ: ತೂಕ ಉಳಿದಿದೆ ಅಂತ ನೀವೇ ಒಪ್ಪಿದ್ರಲ್ಲ. ನಾನು ಹೇಳಿದ್ದೂ ಅದನ್ನೇ.

ಧಾರವಾಡ ಫೇಡೆ: ತೂಕ ತೂಕ ಅಂತೀರಲ್ರೀ, ಯಾವುದರ ತೂಕ? ತಾಳಿ ಸರದಾಗ ಕರಿಮಣಿ ಅದಾವ, ದಾರ ಅದ, ಬಂಗಾರದ ಗುಂಡಿನೊಳಗ ಅರಗು ತುಂಬಿರ್ತದ. ತಕ್ಕಡಿ 45 ತೋರಿಸಿದ್ರ ಬಂಗಾರ 45 ಆತೇನು? ಮಣಿಗೂ ಸುಂಕ ಕಟ್ಟೂದೇನು?

ಬೆಳ್ಳಿಗೆಜ್ಜೆ: ಕರಿಮಣಿಯಲ್ಲಿ ಅರಗು ಎಲ್ಲಿಂದ ಬಂತು ಮಾರಾಯ್ರೆ? ನಮ್ಮ ಕಡೆ ಚಿನ್ನದ ತಂತಿಯಲ್ಲಿ ಮಣಿ ಪೋಣಿಸುವುದು, ಹೆಚ್ಚೆಂದರೆ ನಡುವೆ ಎರಡು ಹವಳ.

ಧಾರವಾಡ ಫೇಡೆ: ನಿಮ್ಮ ಕಡೆ ಇಲ್ಲಂದ್ರ ಎಲ್ಲೂ ಇಲ್ಲೇನ್ರೀ? ಅಕ್ಕಸಾಲಿ ಹತ್ರ ಹೋಗಿ ಒಂದು ಗುಂಡು ಬಿಚ್ಚಿಸಿ ನೋಡ್ರಿ. ಟೊಳ್ಳು ಗುಂಡು ನಗ್ಗಬಾರದಂತ ಒಳಗ ಅರಗು ಹಾಕ್ತಾರ.

ಬೆಳ್ಳಿಗೆಜ್ಜೆ: ಗುಂಡಿನ ಸರವನ್ನು ಕರಿಮಣಿ ಅಂತ ಕರೆದದ್ದೇ ತಪ್ಪು.

ಧಾರವಾಡ ಫೇಡೆ: ಹೆಸರಿಡೂದು ನಿಮ್ಮ ಊರಾಗ ಇಟ್ಕೋರಿ! ಗಂಡ ಕಟ್ಟಿದ್ದು ತಾಳಿ. ಅದನ್ನ ಬಿಚ್ಚಸಾಕ ಇವರ್ಯಾರು?

ಮುಂಗಾರು: ಇಬ್ಬರೂ ಸ್ವಲ್ಪ ತಡೀರಿ. ಅಂಗಡಿ ಬಿಲ್ಲಿನಲ್ಲಿ ಒಟ್ಟು ತೂಕ, ನಿವ್ವಳ (ಬರೀ ಚಿನ್ನದ) ತೂಕ ಅಂತ ಎರಡು ಕಾಲಂ ಇರುತ್ತೆ. ಬಿಲ್ಲಿನ ಫೋಟೋ ಫೋನಲ್ಲಿರಲಿ. ಒಡವೆ ಹಿಡಿದಿಟ್ಟರೆ ಕೊಡುವ ಡಿಟೆನ್ಷನ್ ರಸೀದಿಯಲ್ಲಿ ಎರಡೂ ತೂಕ ಮತ್ತು ಶುದ್ಧತೆ ಬರೆಸಿಕೊಳ್ಳಿ. ಬರೀ "ಹಳದಿ ಲೋಹದ ಸರ 1" ಅಂತಿದ್ದರೆ ಆಮೇಲೆ ಯಾವ ವಾದವೂ ನಿಲ್ಲಲ್ಲ.

ಬೆಳ್ಳಿಗೆಜ್ಜೆ: ಬಿಲ್ಲೇ ಬೇಡ. ಹಾಲ್‌ಮಾರ್ಕಿನ ಆರು ಅಕ್ಷರದ ಎಚ್‌ಯುಐಡಿ (ಒಂದೊಂದು ಒಡವೆಗೂ ಇರುವ ಗುರುತಿನ ಸಂಕೇತ) ಸಾಕು. ಹಾಲ್‌ಮಾರ್ಕ್ ಪರೀಕ್ಷಿಸುವ ಸರ್ಕಾರಿ ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದರೆ ಭಾರತದಲ್ಲೇ ಮುದ್ರೆ ಬಿದ್ದದ್ದು ಅಂತ ಗೊತ್ತಾಗುತ್ತದೆ.

ಲೆಕ್ಕಾಚಾರಿ: "ಸಾಕು" ಅನ್ನೋದು ತಪ್ಪು. ಎಚ್‌ಯುಐಡಿ ಬಂದದ್ದೇ 2021ರಲ್ಲಿ. ಹದಿನೈದು ವರ್ಷದ ಹಿಂದಿನ ಮದುವೆಯ ಸರದಲ್ಲಿ ಅದೆಲ್ಲಿಂದ ಬರುತ್ತೆ? ಅದಕ್ಕೇ ಸರ್ಟಿಫಿಕೇಟ್ ಅಂದೆ. ಸರ್ಕಾರಿ ಮಾನ್ಯತೆಯ ವ್ಯಾಲ್ಯೂಯರ್ ಹತ್ತಿರ ತೂಕ, ಶುದ್ಧತೆ ಬರೆಸಿ, ಒಂದೊಂದು ಒಡವೆಗೂ ಫೋಟೋ ಅಂಟಿಸಿ, ಹೊರಡುವ ದಿನ ಕಸ್ಟಮ್ಸ್ ಅಧಿಕಾರಿಗೆ ಒಡವೆ ಸಮೇತ ತೋರಿಸಿ ಮೊಹರು ಹಾಕಿಸಬೇಕು. "ಚೈನ್ 1" ಅಂತ ಬರೆಸಿದರೆ ಬರುವಾಗ ಅದು ಯಾವ ಚೈನ್ ಬೇಕಾದರೂ ಆಗಬಹುದು.

ಕಡಲಕರೆ: ಬೆಳಗಿನ ಜಾವದ ಫ್ಲೈಟಿಗೆ ಹೊರಟವರು ಮೊಹರಿಗಾಗಿ ಅಧಿಕಾರಿಯನ್ನು ಹುಡುಕಿಕೊಂಡು ಅಲೆಯಬೇಕಾ? ನಿಮಗೆ ಫೈಲು ಗೊತ್ತು, ಕೌಂಟರ್ ಗೊತ್ತಿಲ್ಲ.

ಲೆಕ್ಕಾಚಾರಿ: ಅಲೆಯೋಕೆ ಬೇಜಾರಾದರೆ ಬರುವಾಗ ಸುಂಕದ ಸಾಮಾನು ಘೋಷಿಸುವ ರೆಡ್ ಚಾನೆಲ್‌ಗೆ ಹೋಗಿ. ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 77ರ ಪ್ರಕಾರ ನಿಜ ಹೇಳಿದ್ದರೆ, ಸೆಕ್ಷನ್ 80ರಲ್ಲಿ ಒಡವೆ ಅಲ್ಲೇ ಇಟ್ಟು, ವಾಪಸ್ ಹೋಗುವಾಗ ತಗೊಂಡು ಹೋಗಬಹುದು. ಘೋಷಿಸೋಕೆ ಏನೂ ಇಲ್ಲ ಅಂತ ಗ್ರೀನ್ ಚಾನೆಲ್‌ನಲ್ಲಿ ಹೋಗಿ ಸಿಕ್ಕಿಬಿದ್ದ ಮೇಲೆ ಆ ದಾರಿ ಬಂದ್.

ಕಡಲಕರೆ: "ಸಿಕ್ಕಿಬಿದ್ದ" ಅಂತೆ! ತಾಳಿ ಹಾಕಿಕೊಂಡವಳು ಕಳ್ಳಿಯಾ? ಬಾಯಿ ನೆಟ್ಟಗಿರಲಿ.

ಮುಂಗಾರು: ನಿಜವಾದ ಕುತ್ತು ಅಲ್ಲೆಲ್ಲೂ ಇಲ್ಲ, ಸಹಿಯಲ್ಲಿದೆ. "ನನಗೆ ಶೋಕಾಸ್ (ಕಾರಣ ಕೇಳುವ) ನೋಟಿಸ್ ಬೇಡ" ಅಂತ ಮೊದಲೇ ಅಚ್ಚಾದ ಹಾಳೆ ಮುಂದಿಡ್ತಾರೆ, ಆಯಾಸದಲ್ಲಿ ಜನ ಸಹಿ ಹಾಕ್ತಾರೆ. ಇಂಥ ಅಚ್ಚಿನ ಸಹಿ ನಡೆಯಲ್ಲ ಅಂತ ದೆಹಲಿ ಹೈಕೋರ್ಟ್ 2025ರಲ್ಲಿ ಹೇಳಿದೆ. ಸಹಿ ಹಾಕದಿದ್ದರೆ ಸೆಕ್ಷನ್ 110ರಂತೆ ಆರು ತಿಂಗಳೊಳಗೆ ನೋಟಿಸ್ ಕೊಡಬೇಕು, ಇಲ್ಲವೇ ಅವಧಿ ವಿಸ್ತರಿಸಬೇಕು. ಎರಡೂ ಆಗದಿದ್ದರೆ ಒಡವೆ ವಾಪಸ್.

ಲೆಕ್ಕಾಚಾರಿ: ದೆಹಲಿ ಹೈಕೋರ್ಟ್ ಮಾತು ಕರ್ನಾಟಕದಲ್ಲಿ ಕಟ್ಟಳೆಯಲ್ಲ. ಮದ್ರಾಸಿನದೂ ಅಷ್ಟೇ, ಅದೂ ಏಕಸದಸ್ಯ ಪೀಠ.

ಮುಂಗಾರು: ಕಟ್ಟಳೆಯಲ್ಲ, ಆದರೆ ಮೇಲ್ಮನವಿಯಲ್ಲಿ ತೋರಿಸಬಹುದು. ಕಸ್ಟಮ್ಸ್ ಆದೇಶ ಕೈಸೇರಿದ 60 ದಿನದೊಳಗೆ ಇಲಾಖೆಯ ಮೇಲ್ಮನವಿ ಅಧಿಕಾರಿ, ಕಮಿಷನರ್ (ಅಪೀಲ್ಸ್) ಬಳಿ. ಅಲ್ಲಿ ಸೋತರೆ ಕಸ್ಟಮ್ಸ್ ಟ್ರಿಬ್ಯುನಲ್‌ಗೆ ಓಡಬೇಡಿ, ಬ್ಯಾಗೇಜ್ ಪ್ರಕರಣ ಅವರು ಮುಟ್ಟಲ್ಲ. ಕೇಂದ್ರ ಸರ್ಕಾರಕ್ಕೆ ರಿವಿಷನ್ (ಮರುಪರಿಶೀಲನೆ) ಅರ್ಜಿ ಹಾಕಬೇಕು.

ಧಾರವಾಡ ಫೇಡೆ: ಅರ್ಜಿ ಇರಲಿ. ಅರಗಿಗೆ ಸುಂಕ ಅದನೋ ಇಲ್ಲೋ, ಅದಕ್ಕ ಯಾರೂ ಉತ್ತರ ಕೊಡವಲ್ರಿ.

ಬೆಳ್ಳಿಗೆಜ್ಜೆ: ಕರಿಮಣಿಯಲ್ಲಿ ಅರಗಿಲ್ಲ ಅಂತ ಆಗಲೇ ಹೇಳಿದೆ.

ಕಡಲಕರೆ: ಕುತ್ತಿಗೆಯಿಂದ ಬಿಚ್ಚಿಸಿದ್ದು ಸರಿಯೋ ತಪ್ಪೋ? ಅದಷ್ಟು ಹೇಳಿ.

ಲೆಕ್ಕಾಚಾರಿ: 40 ದಾಟಿದ್ದರೆ ಸರಿ.

ಕಡಲಕರೆ: ದಾಟಿದೆಯೋ ಇಲ್ಲವೋ ಬಿಚ್ಚದೆ ಹೇಗೆ ಗೊತ್ತಾಗುತ್ತೆ?

ಲೆಕ್ಕಾಚಾರಿ: ಅದಕ್ಕೇ ಬಿಚ್ಚಿಸೋದು.