ಕಡಲ ಬಿಸಿಯ ‘ಓಲಾಟ’: ಈ ಪದ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಮಕ್ಕಳಿಗಾಗಿ ಮಳೆಯ ಬಗ್ಗೆ ಒಂದು ಕಿರುಪುಸ್ತಕ ಬರೆಯುತ್ತಿದ್ದೇನೆ. ಕಡಲ ಬಿಸಿ ಅತ್ತಿತ್ತ ಹೋಗಿ ಮರಳುವುದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂಬ ಒಂದೇ ಪದದ ಮುಂದೆ ಒಂದು ವಾರದಿಂದ ನಿಂತುಬಿಟ್ಟಿದ್ದೇನೆ.

ಪೆಸಿಫಿಕ್ ಸಾಗರದಲ್ಲಿ, ಸಮಭಾಜಕ ವೃತ್ತದ ಆಸುಪಾಸಿನಲ್ಲಿ, ಪೂರ್ವದಿಂದ ಬೀಸುವ ಗಾಳಿ ಮೇಲಿನ ಬಿಸಿನೀರನ್ನು ಇಂಡೋನೇಷ್ಯಾದ ಕಡೆಗೆ ದೂಡಿಡುತ್ತದೆ. ಆ ಗಾಳಿ ಸೊರಗಿದರೆ ಬಿಸಿನೀರು ಪೆರು ದೇಶದ ಕಡೆಗೆ ಮರಳುತ್ತದೆ. ಅದು ಎಲ್ ನಿನೊ; ಅದು ಬಂದ ವರ್ಷ ನಮ್ಮಲ್ಲಿ ಮುಂಗಾರು ಸೊರಗುವುದುಂಟು. ಗಾಳಿ ಬಲವಾದರೆ ಲಾ ನಿನಾ. ಎರಡರಿಂದ ಏಳು ವರ್ಷಕ್ಕೊಮ್ಮೆ ಇದು ಮರಳಿ ಬರುತ್ತದೆ. ಇದರ ಜೊತೆಗೇ ಗಾಳಿಯ ಒತ್ತಡವೂ ಅತ್ತಿತ್ತ ವಾಲುವುದನ್ನು 1920ರ ದಶಕದಲ್ಲಿ ಹವಾಮಾನ ವಿಜ್ಞಾನಿ ಗಿಲ್ಬರ್ಟ್ ವಾಕರ್ ಗುರುತಿಸಿ ‘ಸದರ್ನ್ ಆಸಿಲೇಷನ್’ ಎಂದು ಕರೆದರು.

ಇದನ್ನು ‘ದಕ್ಷಿಣ ಆಂದೋಲನ’ ಎಂದು ಬರೆದು ಎಂಟನೇ ತರಗತಿಯ ಮಗಳಿಗೆ ಕೊಟ್ಟೆ. ‘ಯಾರು ಮಾಡಿದ್ದು ಈ ಆಂದೋಲನ?’ ಅಂದಳು. ತೂಗಾಟ ಎಂಬುದೇ ಆ ಪದದ ಮೂಲ ಅರ್ಥ, ನಿಜ. ಆದರೆ ಇವತ್ತಿನ ಕನ್ನಡದಲ್ಲಿ ಅದು ಚಳವಳಿಯೇ. ಆ ಪದ ಬಿಟ್ಟೆ.

‘ಬದಲಾವಣೆ’ ಎಂದರೆ ಇನ್ನೂ ತೊಡಕು. ದಶಕದಿಂದ ದಶಕಕ್ಕೆ ಕಡಲು ಬಿಸಿಯೇರುತ್ತಿರುವುದೂ ಬದಲಾವಣೆ, ಬಂದು ಹೋಗುವ ಎಲ್ ನಿನೊ ಕೂಡ ಬದಲಾವಣೆ ಎಂದುಬಿಟ್ಟರೆ ಓದುವ ಮಗುವಿಗೆ ಎರಡೂ ಒಂದೇ ಆಗುತ್ತದೆ. ‘ಏರುಪೇರು’ ಎಂದರೆ ಏನೋ ಕೆಟ್ಟಿತು ಎಂಬ ಧ್ವನಿ, ಆರೋಗ್ಯದಲ್ಲಿ ಏರುಪೇರು ಅನ್ನುತ್ತೇವಲ್ಲ, ಹಾಗೆ. ‘ಏರಿಳಿತ’ ಹತ್ತಿರ ಬರುತ್ತದೆ. ಆದರೆ ಅದರಲ್ಲಿ ಮೇಲೆ ಕೆಳಗೆ ಮಾತ್ರ ಇದೆ, ಪೂರ್ವ ಪಶ್ಚಿಮ ಇಲ್ಲ.

ನಿನ್ನೆ ಅಡುಗೆಮನೆಯಲ್ಲಿ ಅಗಲವಾದ ತಟ್ಟೆಗೆ ಒಂದು ಲೋಟ ನೀರು ಹುಯ್ದು ಎರಡೂ ಕೈಯಲ್ಲಿ ಎತ್ತಿಕೊಂಡೆ. ಒಂದಿಷ್ಟು ವಾಲಿದರೂ ನೀರು ಒಂದು ಅಂಚಿಗೆ ಹೋಗಿ ನಿಂತು, ಮತ್ತೆ ಈಚೆ ಬಂತು. ಇದು ಓಲಾಟ ಅನ್ನಿಸಿತು. ದೋಣಿ ಓಲಾಡುತ್ತದೆ, ತೇರು ಓಲಾಡುತ್ತದೆ. ಹೋದದ್ದು ಮರಳುತ್ತದೆ ಎಂಬುದು ಆ ಪದದೊಳಗೇ ಇದೆ. ಹಾಗಾಗಿ ಮರಳದ ಬಿಸಿಗೆ ‘ಏರಿಕೆ’, ಮರಳುವ ಬಿಸಿಗೆ ‘ಓಲಾಟ’ ಎಂದು ಬಳಸಲು ಹೊರಟಿದ್ದೇನೆ. ಹಿಂದೂ ಮಹಾಸಾಗರಕ್ಕೂ ಇದು ಹೊಂದುತ್ತದೆ: ಅಲ್ಲಿಯೂ ಬಿಸಿ ಪೂರ್ವ ಪಶ್ಚಿಮ ವಾಲುವುದನ್ನು 1999ರಲ್ಲಿ ತೋರಿಸಿದ ತಂಡದಲ್ಲಿ ಬಿ.ಎನ್. ಗೋಸ್ವಾಮಿ, ಪಿ.ಎನ್. ವಿನಯಚಂದ್ರನ್ ಇದ್ದರು. ಇಬ್ಬರೂ ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪಾಠ ಹೇಳಿದವರು.

ಇನ್ನೊಂದು ಪದ ಇದಕ್ಕಿಂತ ಕಷ್ಟದ್ದು. ಎಲ್ಲ ಎಲ್ ನಿನೊಗಳಲ್ಲೂ ಬಿಸಿ ಒಂದೇ ಜಾಗದಲ್ಲಿ ಇರುವುದಿಲ್ಲ. 1997ರಲ್ಲಿ ಬಿಸಿ ಪೆರುವಿನ ಕಡೆ ಭಾರಿಯಾಗಿತ್ತು, ಆದರೂ ಭಾರತದಲ್ಲಿ ಮುಂಗಾರು ವಾಡಿಕೆಯಷ್ಟೇ ಆಯಿತು. 2002ರ ಎಲ್ ನಿನೊ ಅದಕ್ಕಿಂತ ಸಣ್ಣದು, ಬಿಸಿ ಸಾಗರದ ನಡುವೆ ಇತ್ತು, ನಮಗೆ ಬರ ಬಂತು. ನಡುವೆ ಬಿಸಿಯಾಗುವ ಈ ಬಗೆಗೆ 2007ರಲ್ಲಿ ‘ಎಲ್ ನಿನೊ ಮೊದೊಕಿ’ ಎಂಬ ಹೆಸರು ಬಂತು. ಮೊದೊಕಿ ಜಪಾನಿ ಪದ. ನೋಡಲು ಹಾಗೇ ಇದೆ, ಆದರೆ ಅದಲ್ಲ ಎಂದರ್ಥ. ‘ಹುಸಿ ಎಲ್ ನಿನೊ’ ಎಂದರೆ ತಪ್ಪು, ಅದರಿಂದ ಆಗುವ ಬರ ಹುಸಿಯಲ್ಲ. ‘ದಾಯಾದಿ’ ಎಂದು ಹೊಳೆಯಿತು, ಆದರೆ ಅದರಲ್ಲಿ ಜಗಳದ ವಾಸನೆ ಇದೆ. ಸದ್ಯಕ್ಕೆ ‘ನಡುಗಡಲ ಎಲ್ ನಿನೊ’ ಎಂದು ಬರೆದಿಟ್ಟಿದ್ದೇನೆ. ಹೋಲುವ ಗುಣ ಅದರಲ್ಲಿ ಬಿಟ್ಟುಹೋಗಿದೆ.

2024ರ ಬೇಸಿಗೆಯಲ್ಲಿ ನಮ್ಮ ಬೀದಿಯ ಬೋರ್‌ವೆಲ್ ಬತ್ತಿ, ಟ್ಯಾಂಕರಿಗೆ ಕಾಯುತ್ತಾ ನಿಂತಿದ್ದಾಗ ಎದುರುಮನೆಯ ಅಜ್ಜಿ ‘ಎಲ್ಲಿಯದೋ ಸಮುದ್ರ ಕಾದ್ರೆ ನಮ್ಮ ನೀರ್ಯಾಕೆ ಹೋಗ್ಬೇಕಪ್ಪಾ?’ ಎಂದು ಕೇಳಿದ್ದರು. ಅವರಿಗೂ ತಿಳಿಯುವ ಪದ ಬೇಕು ನನಗೆ.

ಕಾರವಾರ, ಮಲ್ಪೆ ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ಕಡಲ ನೀರು ಒಂದು ವರ್ಷ ಬೆಚ್ಚಗೆ, ಒಂದು ವರ್ಷ ತಣ್ಣಗೆ ಇರುವುದಕ್ಕೆ ಮೀನುಗಾರರ ಬಾಯಲ್ಲಿ ಯಾವ ಮಾತಿದೆ?