‘ಸುಟ್ಟ ಚಿಪ್’ ಅಂದರೆ ಯಾವುದು? ಪ್ರೋಗ್ರಾಮರ್ ಕೈಪಿಡಿಗೆ ಕ್ರಿಯಾಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ.

ಚಿಪ್‌ಗಳಿಗೆ ಪ್ರೋಗ್ರಾಂ ತುಂಬುವ ಉಪಕರಣವನ್ನು ನಡೆಸುವವರಿಗೆ, ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಕೆಲಸಕ್ಕೆ ಹೊಸಬರು. ಇಂಗ್ಲಿಷ್ ಪದ ಕಂಡರೆ ಬೆದರುವವರಲ್ಲ, ಹಾಗಾಗಿ ಸಾಕೆಟ್, ಪಿನ್, ಬಫರ್, ಅಡಾಪ್ಟರ್ ಎಲ್ಲ ಹಾಗೇ ಇರಲಿ. ನಾಮಪದಗಳದ್ದು ತಕರಾರಿಲ್ಲ, ಕೈಕೊಡುತ್ತಿರುವುದು ಕ್ರಿಯಾಪದಗಳು. ಅವುಗಳಲ್ಲಿ ಮೊದಲನೆಯದು ‘ಬರ್ನ್’.

ಕೆಲಸ ಮಾಡುವವರ ಬಾಯಲ್ಲಿ ಅದು ‘ಚಿಪ್ ಬರ್ನ್ ಮಾಡು’. ಬರಹಕ್ಕೆ ಇಳಿಸುವಾಗ ಇದನ್ನು ‘ಸುಡು’ ಎಂದು ಮಾಡಿಬಿಡುವವರಿದ್ದಾರೆ. ಹಾಗೆ ಮಾಡಿದರೆ ‘ಸುಟ್ಟ ಚಿಪ್‌ಗಳನ್ನು ಎಡಗಡೆಯ ಡಬ್ಬಿಗೆ ಹಾಕಿ’ ಎಂಬ ವಾಕ್ಯದ ಗತಿ ಏನು? ಕೆಲಸ ಮುಗಿದ ಚಿಪ್‌ಗಳೋ, ಕೆಟ್ಟು ಎಸೆಯಬೇಕಾದವೋ? ಕನ್ನಡದ ‘ಸುಟ್ಟ’ ಎರಡನ್ನೂ ಹೇಳುತ್ತದೆ. ಯಾರೋ ಸುಟ್ಟದ್ದೂ ಹೌದು, ತಾನಾಗಿ ಸುಟ್ಟದ್ದೂ ಹೌದು. ‘ಸುಟ್ಟುಹೋದ’ ಎಂದರೆ ಮಾತ್ರ ಅನುಮಾನ ಉಳಿಯದು. ಆದರೆ ಅವಸರದಲ್ಲಿರುವ ಹೊಸಬ ಆ ‘ಹೋದ’ವನ್ನು ಗಮನಿಸಿಯೇ ತೀರುತ್ತಾನೆಂದು ನಂಬಿ ಸೂಚನೆ ಬರೆಯಲಾಗದು.

ಇಂಗ್ಲಿಷಿಗೆ ಆ ಪದ ಬರಲು ಕಾರಣವಿತ್ತು. ಒಂದೇ ಸಲ ಬರೆಯಬಹುದಾದ ಹಳೆಯ ಪ್ರಾಮ್ ಚಿಪ್‌ಗಳಲ್ಲಿ ಬಿಟ್‌ಗೊಂದು ತೆಳ್ಳನೆಯ ಎಳೆ ಇರುತ್ತಿತ್ತು, ಹಲವದರಲ್ಲಿ ನೈಕ್ರೋಮ್‌ನದು. ಬೇಕಾದ ಕಡೆ ಜೋರಾಗಿ ಕರೆಂಟ್ ಹಾಯಿಸಿ ಎಳೆಯನ್ನು ಕಡಿಯುತ್ತಿದ್ದರು. ಅಲ್ಲಿ ಸುಡುವುದು ಮಾತಿನ ಅಲಂಕಾರವಲ್ಲ, ನಡೆಯುತ್ತಿದ್ದದ್ದೇ ಅದು. 1971ರಲ್ಲಿ ಇಂಟೆಲ್‌ನ ಡವ್ ಫ್ರೋಮನ್ ರೂಪಿಸಿದ, ಅಳಿಸಿ ಮತ್ತೆ ಬರೆಯಬಹುದಾದ ಇಪ್ರಾಮ್ ಬಂತು. ಅದರಲ್ಲಿ ಏನೂ ಸುಡುವುದಿಲ್ಲ. ಸುತ್ತ ನಿರೋಧಕವಿರುವ ಒಂದು ಗೇಟಿಗೆ ಎಲೆಕ್ಟ್ರಾನ್‌ಗಳು ನುಗ್ಗಿ ಅಲ್ಲೇ ಸಿಕ್ಕಿಕೊಳ್ಳುತ್ತವೆ, ಅಷ್ಟೇ. ಇಂದಿನ ಫ್ಲ್ಯಾಶ್ ಚಿಪ್‌ಗಳದ್ದೂ ಸ್ಥೂಲವಾಗಿ ಇದೇ ಕಥೆ. ಸುಡುವ ಕೆಲಸ ನಿಂತ ಮೇಲೂ ಇಂಗ್ಲಿಷ್ ಆ ಪದವನ್ನು ಹಿಡಿದುಕೊಂಡಿದೆ. ನಾವೂ ಸುಡುತ್ತೇವೆ ಎಂದರೆ ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡ ಹಾಗೆ.

ಗಾದೆ ಸುಮ್ಮನೆ ಬರಲಿಲ್ಲ. ನನ್ನ ಒಲವು ‘ಬರೆ’ಯ ಕಡೆಗೇ. ಅಕ್ಷರ ಮೂಡಿಸುವುದೂ ಬರೆ, ಕಾದ ಕಬ್ಬಿಣದ ಗುರುತೂ ಬರೆ. ಹಳೆಯ ಪ್ರಾಮ್‌ಗೂ ಹೊಸ ಫ್ಲ್ಯಾಶ್‌ಗೂ ಒಂದೇ ಪದ ಹೊಂದುತ್ತದೆ. ಬರುವ ಆಕ್ಷೇಪಣೆ ಒಂದೇ: ‘ಪ್ರೋಗ್ರಾಂ ಬರೆ’ ಎಂದರೆ ಕೋಡ್ ಬರೆಯುವುದು ಎಂದು ಈಗಾಗಲೇ ನೆಲೆಯಾಗಿದೆ. ಇದಕ್ಕೆ ವಿಭಕ್ತಿಯೇ ಪರಿಹಾರ ಎನ್ನುವುದು ನನ್ನ ವಾದ. ಪ್ರೋಗ್ರಾಂ ಬರೆಯುವವರು ಒಬ್ಬರು, ಅದನ್ನು ಚಿಪ್‌ಗೆ ಬರೆಯುವವರು ಇನ್ನೊಬ್ಬರು. ‘ಚಿಪ್‌ಗೆ’ ಎಂಬುದನ್ನು ಎಲ್ಲೂ ಬಿಡದಿದ್ದರೆ ಗೊಂದಲವಿಲ್ಲ. ಮೇಲೆ ನಾನೇ ಬಳಸಿದ ‘ತುಂಬು’ ಆಡುಮಾತಿಗೆ ಹಗುರ, ಆದರೆ ಚಿಪ್ಪಿನ ಒಂದು ಭಾಗವನ್ನಷ್ಟೇ ಬದಲಿಸುವಾಗ ಅದು ಒಗ್ಗುವುದಿಲ್ಲ. (‘ಚಿಪ್ಪು’ ಎಂದು ಉಕಾರ ಸೇರಿಸಿ ಬರೆಯಬೇಕೇ ಎಂದು ಕೇಳಬೇಡಿ. ಮೇಲಧಿಕಾರಿ ಕೈಗೆ ಚಿಪ್ಪು ಕೊಟ್ಟರು ಎಂದರೆ ಅರ್ಥವೇ ಬೇರೆ.)

‘ಸುಡು’ವನ್ನು ಹಾಳಾಗುವುದಕ್ಕೆಂದೇ ಮೀಸಲಿಡಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ಉಪಕರಣದೊಳಗೇ ಇದೆ. 2732 ಎಂಬ ಇಪ್ರಾಮ್‌ಗೆ ಬರೆಯಲು 25 ವೋಲ್ಟ್ ಬೇಕು. 2732ಎ ಎಂಬುದಕ್ಕೆ 21 ವೋಲ್ಟ್. ಹೆಸರಿನ ಕೊನೆಯಲ್ಲಿ ಒಂದಕ್ಷರದ ಅಂತರ. ಉಪಕರಣದ ಚಿಪ್ ಪಟ್ಟಿಯಲ್ಲಿ ಮೊದಲನೆಯದನ್ನು ಆರಿಸಿಟ್ಟು ಎರಡನೆಯ ಚಿಪ್ ಕೂರಿಸಿದರೆ ಅದು ಸುಟ್ಟುಹೋಗಬಹುದು. ಈ ಜಾಗದಲ್ಲಿ ಕೈಪಿಡಿ ಗದರಿಸಿ ಎಚ್ಚರಿಸಬೇಕು. ಹಿಂದಿನ ಪುಟದಲ್ಲೆಲ್ಲ ‘ಚಿಪ್ ಸುಡಿ, ಚಿಪ್ ಸುಡಿ’ ಎಂದು ಹೇಳಿ ಇಲ್ಲಿ ‘ಚಿಪ್ ಸುಟ್ಟೀತು, ಜೋಕೆ’ ಎಂದರೆ ಯಾರು ಕೇಳುತ್ತಾರೆ?

ಇನ್ನು ‘ಅಳಿಸು’. ಪದ ಸರಿಯಾಗಿಯೇ ಇದೆ, ಅದು ಹುಟ್ಟಿಸುವ ಕಲ್ಪನೆ ತಪ್ಪು. ಅಳಿಸಿದರೆ ಸೊನ್ನೆ ಉಳಿಯುತ್ತದೆ ಎಂದು ಮನಸ್ಸು ತಾನಾಗಿ ಅಂದುಕೊಳ್ಳುತ್ತದೆ. ಹೆಸರು 27ರಿಂದ ಶುರುವಾಗುವ ಸಾಲಿನ ಇಪ್ರಾಮ್‌ಗಳಲ್ಲಿ, ನಾವು ದಿನವೂ ಮುಟ್ಟುವ ಬಹುಪಾಲು ಫ್ಲ್ಯಾಶ್‌ಗಳಲ್ಲಿ ಅಳಿಸಿದ ಬಿಟ್ ಎಂದರೆ 1. ಪರದೆಯ ತುಂಬ ಎಫ್‌ಎಫ್ ಎಫ್‌ಎಫ್ (ಎಂಟೂ ಬಿಟ್ 1 ಎಂದು ಹೇಳುವ ರೀತಿ ಅದು) ಎಂದು ಕಂಡರೆ ಚಿಪ್ ಖಾಲಿ. ಬರೆಯುವುದೆಂದರೆ ಬೇಕಾದ ಕಡೆ 1 ಇದ್ದುದನ್ನು 0 ಮಾಡುವುದು. 0 ಆದದ್ದನ್ನು ಮರಳಿ 1 ಮಾಡಲು ಅಳಿಸಲೇಬೇಕು. ಆದ್ದರಿಂದ ‘ಬ್ಲ್ಯಾಂಕ್ ಚೆಕ್’ಗೆ ‘ಖಾಲಿ ಇದೆಯೇ ನೋಡಿ’ ಎಂದಷ್ಟೇ ಹೇಳಿ ಬಿಡಲು ಮನಸ್ಸಿಲ್ಲ. ಒಂದು ಸಲವಾದರೂ ‘ಖಾಲಿ ಎಂದರೆ ಎಲ್ಲವೂ 1’ ಎಂದು ಬಿಡಿಸಿ ಹೇಳಬೇಕು.

ಅಳಿಸುವುದರ ಪಕ್ಕದಲ್ಲೇ ‘ಅಳಿಸಿಹೋಗು’ ಇದೆ, ಇದು ಉಪಯೋಗಕ್ಕೆ ಬಂತು. ಕಿಟಕಿ ಇರುವ ಇಪ್ರಾಮ್ ಅನ್ನು 253.7 ನ್ಯಾನೊಮೀಟರ್‌ನ ನೇರಳಾತೀತ ದೀಪದ ಕೆಳಗೆ, ಸುಮಾರು ಎರಡೂವರೆ ಸೆಂಟಿಮೀಟರ್ ಅಂತರದಲ್ಲಿ 15ರಿಂದ 20 ನಿಮಿಷ ಇಟ್ಟರೆ ನಾವು ಅಳಿಸಿದಂತೆ. ಕಿಟಕಿಯ ಮೇಲೆ ಬೆಳಕು ತೂರದ ಚೀಟಿ ಅಂಟಿಸದೆ ಬಿಸಿಲಿಗೆ ಬಿಟ್ಟರೆ ಒಂದು ವಾರದಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಾದರೆ ಮೂರು ವರ್ಷದ ಆಸುಪಾಸಿನಲ್ಲಿ ತಾನೇ ಅಳಿಸಿಹೋಗಬಹುದು ಎಂದು ತಯಾರಕರ ದತ್ತಾಂಶ ಪುಟಗಳೇ ಹೇಳುತ್ತವೆ. ಮಾಡಿದ್ದನ್ನೂ ಆಗಿಹೋದದ್ದನ್ನೂ ಬೇರ್ಪಡಿಸಲು ಒಂದು ‘ಹೋಗು’ ಸಾಕು. ಅಂದಹಾಗೆ ‘ಫ್ಲ್ಯಾಶ್’ ಎಂಬ ಹೆಸರು ಹುಟ್ಟಿದ್ದೂ ಅಳಿಸುವುದರಿಂದಲೇ. ತೋಷಿಬಾದ ಫುಜಿಯೊ ಮಸುವೊಕಾ ತಂಡದಲ್ಲಿ, ಒಮ್ಮೆಗೇ ಅಳಿಸುವ ರೀತಿ ಕ್ಯಾಮೆರಾದ ಫ್ಲ್ಯಾಶ್ ನೆನಪಿಸುತ್ತದೆ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದ ಹೆಸರದು. ಈಗ ‘ಫ್ಲ್ಯಾಶ್ ಮಾಡು’ ಎಂದರೆ ಬರೆಯುವುದು!

‘ವೆರಿಫೈ’ಗೆ ಪುಸ್ತಕಗಳಲ್ಲಿ ಸಿಗುವುದು ‘ಪರಿಶೀಲಿಸು’. ನನಗೆ ‘ತಾಳೆ ನೋಡು’ ಮೇಲು. ಉಪಕರಣ ಮಾಡುವುದು ಚಿಪ್‌ನಲ್ಲಿರುವುದನ್ನು ಬಫರ್‌ನಲ್ಲಿ, ಅಂದರೆ ಬರೆಯಬೇಕಾದ ಫೈಲನ್ನು ತಂದಿಟ್ಟುಕೊಂಡ ಜಾಗದಲ್ಲಿ, ಇರುವುದರ ಜೊತೆ ಹೋಲಿಸುವುದು ಮಾತ್ರ. ಬಫರ್‌ಗೆ ಬಂದ ಫೈಲೇ ತಪ್ಪಾಗಿದ್ದರೂ ತಾಳೆ ಆಗುತ್ತದೆ, ಹಸಿರು ದೀಪ ಹತ್ತುತ್ತದೆ. ‘ಪರಿಶೀಲಿಸಲಾಗಿದೆ’ ಎಂದು ಓದಿದವರು ಎಲ್ಲ ಸರಿಯಿದೆ ಎಂದು ನಿಟ್ಟುಸಿರು ಬಿಡುತ್ತಾರೆ.

ಉಪಕರಣದ ಹೆಸರೇ ‘ಪ್ರೋಗ್ರಾಮರ್’ ಆಗಿರುವುದು ಬೇರೆ ತಮಾಷೆ. ‘ಪ್ರೋಗ್ರಾಮರ್ ಕೆಟ್ಟಿದೆ’ ಎಂದಾಗ ತೊಂದರೆಯಿಲ್ಲ, ಕ್ರಿಯಾಪದದ ಲಿಂಗ ಕಾಪಾಡುತ್ತದೆ. ‘ಕೆಟ್ಟಿದ್ದಾನೆ’ ಎಂದರೆ ಮನೆಯವರಿಗೆ ಹೇಳಿ ಕಳಿಸಬೇಕಾದೀತು. ಆದರೆ ಕೈಪಿಡಿಯ ತುಂಬ ಇರುವುದು ಆಜ್ಞಾರ್ಥಕ: ‘ವಾರಕ್ಕೊಮ್ಮೆ ಪ್ರೋಗ್ರಾಮರನ್ನು ಒಣ ಬಟ್ಟೆಯಲ್ಲಿ ಒರೆಸಿ.’ ಸದ್ಯ ‘ಪ್ರೋಗ್ರಾಮರ್ ಯಂತ್ರ’ ಎಂದು ಬರೆಯುತ್ತಿದ್ದೇನೆ. ಇದಕ್ಕಿಂತ ಚಿಕ್ಕದು ಸಿಕ್ಕರೆ ಸಂತೋಷ.

ದಿಕ್ಕಿನ ಮಾತೂ ಕಾಡಿತು. ಲಿವರ್ ಇರುವ, ಚಿಪ್ ಅನ್ನು ಬಲವಾಗಿ ಒತ್ತದೆ ಕೂರಿಸಬಹುದಾದ ಝಿಫ್ ಸಾಕೆಟ್‌ನಲ್ಲಿ 28 ಪಿನ್ನಿನ ಚಿಪ್ ಅನ್ನು 40 ಪಿನ್ನಿನ ಜಾಗಕ್ಕೆ ಕೂರಿಸುವಾಗ ಕೆಲವು ಯಂತ್ರಗಳಲ್ಲಿ ಲಿವರ್ ಕಡೆಯ ತುದಿಗೆ, ಕೆಲವದರಲ್ಲಿ ಎದುರು ತುದಿಗೆ ಒತ್ತರಿಸಬೇಕು. ‘ಸಾಕೆಟ್ಟಿನ ಕೆಳಗೆ ಕೂರಿಸಿ’ ಎಂದರೆ ಸಾಕೆಟ್ಟನ್ನೇ ಎತ್ತಲು ನೋಡುತ್ತಾರೆ. ‘ಲಿವರ್ ಕಡೆಯ ತುದಿ’, ‘ಎದುರು ತುದಿ’ ಎಂದು ಬಿಟ್ಟೆ. ಒಂದನೇ ಪಿನ್ ಗುರುತಿಸುವ ಅರ್ಧಚಂದ್ರದ ಕೊರೆತಕ್ಕೆ ‘ಕಚ್ಚು’ ಚೆನ್ನಾಗಿ ಕೂತಿದೆ.

ನನಗೆ ಬಗೆಹರಿಯದೆ ಉಳಿದಿರುವವು ಎರಡು. ಒಂದು, ಎವಿಆರ್ ಎಂಬ ಸಾಲಿನ ಮೈಕ್ರೊಕಂಟ್ರೋಲರ್‌ಗಳಲ್ಲಿ (ಒಂದೇ ಚಿಪ್‌ನಲ್ಲಿರುವ ಪುಟ್ಟ ಕಂಪ್ಯೂಟರ್‌ಗಳಲ್ಲಿ) ಚಿಪ್‌ನ ಮೂಲ ಹೊಂದಾಣಿಕೆ ಹಿಡಿದಿಡುವ ‘ಫ್ಯೂಸ್ ಬಿಟ್’. ಅಲ್ಲಿ ಫ್ಯೂಸೂ ಇಲ್ಲ, ಹೋಗುವುದೂ ಇಲ್ಲ; ಮತ್ತೆ ಬದಲಿಸಬಹುದಾದ ಬಿಟ್‌ಗಳವು. ‘ಪ್ರೋಗ್ರಾಂ ಆದ ಫ್ಯೂಸ್’ ಎಂದರೆ ಬೆಲೆ 0. ‘ಫ್ಯೂಸ್ ಹಾಕಿ’ ಎಂದು ಬರೆದರೆ 1 ಮಾಡಬೇಕೆಂದು ತಿಳಿಯುವವರೇ ಹೆಚ್ಚು. ಚಿಪ್ ನಡೆಯಲು ತಾಳ ಹಾಕುವ ಕ್ಲಾಕ್ ಅನ್ನು ಆರಿಸುವ ಬಿಟ್‌ಗಳಲ್ಲಿ ಹೀಗೆ ಎಡವಿದರೆ ಚಿಪ್ ಮುಂದೆ ಉತ್ತರಿಸದೇ ಹೋಗಬಹುದು, ಹೊರಗಿನಿಂದ ಕ್ಲಾಕ್ ಕೊಟ್ಟು ಎಬ್ಬಿಸಬೇಕಾಗುತ್ತದೆ. ‘0 ಮಾಡಿ’, ‘1 ಮಾಡಿ’ ಎಂದಷ್ಟೇ ಬರೆಯಲೇ, ಅಥವಾ ಬೇರೆ ಮಾತಿದೆಯೇ?

ಎರಡು, ನಿರ್ವಹಣೆಯ ಅಧ್ಯಾಯದ ‘ಕ್ಯಾಲಿಬ್ರೇಷನ್’. ಸಾಕೆಟ್ ಸವೆಯುವುದು, ಸಂಪರ್ಕದ ಮೇಲೆ ಕೊಳೆ ಕೂರುವುದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸುವುದು ಇವಕ್ಕೆಲ್ಲ ಮನೆಮಾತೇ ಸಾಕಾಯಿತು. ಕ್ಯಾಲಿಬ್ರೇಷನ್‌ಗೆ ಪಠ್ಯಗಳಲ್ಲಿ ‘ಮಾಪನಾಂಕ ನಿರ್ಣಯ’ ಎಂದಿದೆ. ಆದರೆ ಯಂತ್ರ 12.5 ವೋಲ್ಟ್ ಎಂದು ತೋರಿಸುವಾಗ ಪಿನ್ನಿನಲ್ಲಿ ನಿಜಕ್ಕೂ ಎಷ್ಟಿದೆ ಎಂದು ನಂಬಿಕಸ್ಥ ಮೀಟರ್ ಇಟ್ಟು ನೋಡುವುದು ಬೇರೆ, ವ್ಯತ್ಯಾಸವಿದ್ದರೆ ತಿರುಗಿಸಿ ಸರಿಮಾಡುವುದು ಬೇರೆ. ಕೈಪಿಡಿಯ ಓದುಗರು ಮೊದಲನೆಯದನ್ನು ಮಾಡಬಹುದು, ಎರಡನೆಯದಕ್ಕೆ ಕೈ ಹಾಕಕೂಡದು. ‘ತಾಳೆ’ಯನ್ನು ಆಗಲೇ ಬೇರೆ ಕಡೆ ಖರ್ಚು ಮಾಡಿದ್ದೇನೆ. ‘ಒರೆಗೆ ಹಚ್ಚು’ ಎಂದರೆ ಹೆಚ್ಚಾಯಿತೇ? ಅಳತೆಯ ಉಪಕರಣಗಳ ನಡುವೆ ಕೆಲಸ ಮಾಡುವವರು ಬಾಯಲ್ಲಿ ಏನು ಬಳಸುತ್ತೀರಿ, ತಿಳಿಸಿ.